ಅವ್ವ ಒರಗುತ್ತಿದ್ದ ಗೋಡೆ

ನೆಲದಿಂದ ಎರಡೂವರೆ ಅಡಿ ಎತ್ತರ, ಅಂಗೈಗಿಂತ ಸ್ವಲ್ಪ ಅಗಲ, ಅಂಚಿನಲ್ಲಿ ತಿಳಿ, ನಡುವೆ ಕಂದು, ಹಾಗೊಂದು ಕಲೆ. ಅಡುಗೆಮನೆ ಬಾಗಿಲ ಪಕ್ಕದ ಆ ಗೋಡೆಗೆ ಒರಗಿ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು, ಸೊಪ್ಪು ಬಿಡಿಸುತ್ತಿದ್ದಳು, ಕೆಲವೊಮ್ಮೆ ಸುಮ್ಮನೆ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ತಲೆಗೆ ಹಚ್ಚಿದ ಹರಳೆಣ್ಣೆ ಗೋಡೆಗಿಳಿದು ಆ ಕಲೆಯಾಗಿತ್ತು.

ಅವ್ವ ಹೋಗಿ ಐದು ತಿಂಗಳಾಗಿತ್ತು. ಸಾವಾದ ಮನೆಯಲ್ಲಿ ವರ್ಷ ತುಂಬುವುದರೊಳಗೆ ಒಂದು ಶುಭಕಾರ್ಯ ಆಗಬೇಕೆಂದು ಅಣ್ಣನ ಮದುವೆ ಗೊತ್ತಾಯಿತು. ಹೆಣ್ಣಿನ ಕಡೆಯವರು ನಾಗಮಂಗಲದಿಂದ ಮನೆ ನೋಡಲು ಬರುವವರಿದ್ದರು. ಅದಕ್ಕೆ ಪಾಂಡವಪುರದ ನಮ್ಮ ಮನೆಗೆ ಬಣ್ಣ. ಅವ್ವನ ಸೀರೆಗಳನ್ನು ಅಷ್ಟರಲ್ಲಿ ಹಂಚಿಯಾಗಿತ್ತು. ಅವಳ ಮೈ ತಾಗಿದ್ದು ಅಂತ ಉಳಿದದ್ದು ಆ ಕಲೆ ಒಂದೇ. ಅದನ್ನು ಹಾಗೇ ಬಿಡಿ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವ ಅಭ್ಯಾಸ ನನಗಿಲ್ಲ.

ಬಣ್ಣ ಹೊಡೆಯಲು ಬಂದವರು ಒಬ್ಬರೇ, ವಯಸ್ಸಾದವರು. ಕಲೆಯ ಮೇಲೆ ಬೆರಳಾಡಿಸಿ ನೋಡಿ ನನ್ನ ಕಡೆ ತಿರುಗಿದರು.

"ಇದು ಜಿಡ್ಡು ಕಣವ್ವ. ಮ್ಯಾಲೆ ಏನ್ ಹೊಡುದ್ರೂ ನಿಲ್ಲಕ್ಕಿಲ್ಲ, ಆಚೀಕ್ ಬಂದ್ಬುಡ್ತದೆ. ಬಿಸ್ನೀರ್ಗೆ ಸೋಪಿನ್ ಪುಡಿ ಆಕ್ಕೊಂಡು ಚೆನ್ನಾಗ್ ಉಜ್ಜಿ ಮಡಗು. ಕಲೆ ಕಂಡ್ರೂ ಪರ್ವಾಗಿಲ್ಲ, ಜಿಡ್ಡು ಓಗ್ಬೇಕು."

ಸೋದರತ್ತೆ ನಕ್ಕಳು. "ನಮ್ಮತ್ತಿಗೆ ತಲೆಗಿಂತ ಗೋಡೆಗೇ ಜಾಸ್ತಿ ಎಣ್ಣೆ ಕುಡ್ಸವ್ಳೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುದಿನ ಬಣ್ಣದವರು "ಉಜ್ಜಿದ್ಯಾ ಮಗಾ?" ಎಂದಾಗ "ಹೂಂ" ಎಂದೆ. ಉಜ್ಜಿರಲಿಲ್ಲ. ನನ್ನ ಮಾತು ನಂಬಿ ಅವರು ಪ್ರೈಮರು ಬಳಿದರು, ಒಣಗಿದ ಮೇಲೆ ಉಪ್ಪುಕಾಗದ ತಿಕ್ಕಿ ಕೆನೆಬಣ್ಣ ಹೊಡೆದರು.

ಮೂರನೆಯ ದಿನ ಕಲೆ ಮೇಲೆ ಬಂತು. ಮೊದಲು ಒದ್ದೆಯ ಹಾಗೆ, ಆಮೇಲೆ ಹಳದಿಯಾಗಿ, ಅದೇ ಎತ್ತರದಲ್ಲಿ. ತಟ್ಟೆ ತೊಳೆಯಲು ಹೋಗುವಾಗ ನೋಡಿದೆ, ಬರುವಾಗ ನೋಡಿದೆ. ಐದು ತಿಂಗಳಲ್ಲಿ ಆವತ್ತು ಮೊದಲ ಸಲ ಹೊಟ್ಟೆ ತುಂಬ ಉಂಡಿದ್ದೆ.

ಸಂಜೆ ಅಪ್ಪನೂ ನೋಡಿದ. ಬಣ್ಣದವರನ್ನು ಕರೆಸಿ, ಅತ್ತೆಯ ಎದುರೇ ಕೂಗಾಡಿದ. "ಏನಯ್ಯಾ, ತಲೆ ನರೆಯೋಗಂಟ ಇದೇ ಕೆಲ್ಸ ಮಾಡಿದ್ದೀಯ, ಒಂದ್ ಗೋಡೆ ನೆಟ್ಟಗ್ ಮಾಡಕ್ ಬರಕ್ಕಿಲ್ವಾ? ಬೀಗರ ಮುಂದೆ ನನ್ ಮಾನ ಕಳೀತೀಯಾ? ಬುಡು, ಬೇರೆಯೋರ್ನ ಕರುಸ್ತೀನಿ."

ಅವರು ಕಲೆ ನೋಡಿದರು. ಒಮ್ಮೆ ನನ್ನ ಕಡೆ ನೋಡಿದರು.

"ನಂದೇ ತಪ್ಪು ಬುಡಿ ಗೌಡ್ರೆ. ನೋಡ್ಕಬೇಕಿತ್ತು" ಎಂದು ಹೆಗಲ ಟವಲಿನಿಂದ ಮುಖ ಒರೆಸಿಕೊಂಡರು.

ಒಂದು ಕಲೆ ಉಳಿಸಿಕೊಳ್ಳಲು ಹೋಗಿ ಒಬ್ಬರ ಕೈಗೆಲಸದ ಹೆಸರು ಕೆಡಿಸಿದ್ದೆ. ಉಳಿಸಿಕೊಂಡರೂ ಅವ್ವ ಬಂದು ಅಲ್ಲಿ ಒರಗುವುದಿಲ್ಲ. ಅದು ಆ ಕ್ಷಣದವರೆಗೂ ನನಗೆ ಪೂರ್ತಿ ತಿಳಿದಿರಲಿಲ್ಲವೇನೋ.

ಮರುದಿನ ಬೆಳಿಗ್ಗೆ ನೀರು ಕಾಯಿಸಿ ಸೋಪಿನ ಪುಡಿ ಕರಗಿಸಿದೆ. ಉಪ್ಪುಕಾಗದದಿಂದ ಹೊಸ ಬಣ್ಣ ಕಿತ್ತು, ಬ್ರಷ್ಷಿನಿಂದ ಉಜ್ಜಿದೆ. ಬಿಸಿ ತಾಗಿದ್ದೇ ಹರಳೆಣ್ಣೆಯ ವಾಸನೆ ಎದ್ದಿತು. ನಿಲ್ಲಿಸಲಿಲ್ಲ. ಅಪ್ಪ ಬಂದು ಬಾಗಿಲಲ್ಲಿ ನಿಂತ.

"ಅವತ್ತು ನಾನು ಉಜ್ಜಿರ್ಲಿಲ್ಲ ಕಣಪ್ಪ. ಅವರಿಗೆ ಸುಳ್ಳು ಹೇಳಿದ್ದೆ" ಎಂದೆ.

ಅವನು ಗೋಡೆ ನೋಡಿದ, ಬಕೆಟ್ಟಿನ ಕಂದು ನೀರು ನೋಡಿದ. "ಆ ಬಣ್ಣದೋನ್ಗೇ ಫೋನ್ ಮಾಡಿ ಬರಕ್ಕೇಳ್ತೀನಿ" ಎಂದು ಹೊರಗೆ ಹೋದ. ನಾನು ಬಕೆಟ್ಟನ್ನು ಹಿತ್ತಿಲಿಗೆ ಒಯ್ದು ಬಚ್ಚಲ ಗುಂಡಿಗೆ ಚೆಲ್ಲಿದೆ.