ಇಲ್ಲದ ಕಾಮಾಲೆಯ ಪಥ್ಯ

ನಾನು ಐದನೇ ಕ್ಲಾಸಿನಲ್ಲಿದ್ದ ಆ ದಿನಗಳಲ್ಲಿ ಹರವೆಯ ನಮ್ಮ ಬೀದಿಯಲ್ಲಿ ಯಾರ ಮನೆಯ ಕಾಯಿಲೆಯೂ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಒಬ್ಬರು ಮಲಗಿದರೆ ಸಾಕು, ಮನೆಮನೆಯಿಂದ ಗಂಜಿ, ಬ್ರೆಡ್ಡು, ಜೊತೆಗೆ ಬೇಡವೆಂದರೂ ಬುದ್ಧಿಮಾತು ಬರುತ್ತಿದ್ದವು. ಅಂಥ ಬೀದಿಯಲ್ಲಿ ಅವ್ವ ಒಂದು ಸುಳ್ಳು ಹೇಳಿದಳು.

ಹತ್ತನೇ ಕ್ಲಾಸಿನ ನಮ್ಮಕ್ಕ ಮಂಗಳ ನಿದ್ದೆ ಬಿಟ್ಟು, ಯಾರೋ ಬೈಯುತ್ತಿದ್ದಾರೆಂದು ಕಿವಿ ಮುಚ್ಚಿಕೊಂಡು ಕೂರತೊಡಗಿದ್ದಳು. ಮೈಸೂರಿನಲ್ಲಿ ಮಾನಸಿಕ ಕಾಯಿಲೆಯ ಆಸ್ಪತ್ರೆಯಲ್ಲಿ ಕೆಲವು ವಾರವಿದ್ದು ಗೆಲುವಾಗಿ ಬಂದಳು. ಬಂದವಳೇ ಅಳಿಗುಳಿಮಣೆ ಇಟ್ಟು, ನನ್ನ ಹುಣಸೆಬೀಜ ಕದ್ದು, "ನಿಂಗೆ ಆಟನೇ ಬರಲ್ಲ ಕಣಮ್ಮಿ" ಎಂದು ರೇಗಿಸಿದಳು. ಸೋತರೂ ನನಗೆ ಹಬ್ಬ. ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಬಾರದೆಂದು ಡಾಕ್ಟರು ಹೇಳಿ ಕಳಿಸಿದ್ದರು.

ಬೀದಿಗೆ ಅವ್ವ ಹೇಳಿದ್ದು "ಕಾಮಾಲೆ" ಎಂದು. ಮಾರನೆಯ ಬೆಳಿಗ್ಗೆಯೇ ಎದುರುಮನೆ ಗೌರಜ್ಜಿ ನೆಲನೆಲ್ಲಿ ಅರೆದು ಮಜ್ಜಿಗೆಗೆ ಕಲಸಿ ತಂದರು. ಆ ಹಸಿರು ಕಹಿವಾಸನೆ ನಡುಮನೆಯನ್ನೆಲ್ಲ ತುಂಬಿತು.

"ಇದ ಕುಡೀವಾಗ ಇಂಗ್ಲಿಷ್ ಮಾತ್ರೆ ಮುಟ್ಟುಸ್ಬ್ಯಾಡ ಕಣವ್ವ, ಔಸ್ತಿ ಕೆಟ್ಟೋಯ್ತದೆ."

ಬೇಡವೆಂದರೆ ಸುಳ್ಳು ಬಯಲಾಗುತ್ತಿತ್ತು. ಎರಡೂ ಬೆರೆತರೆ ಮಗಳಿಗೆ ಏನಾದೀತೋ ಎಂಬ ದಿಗಿಲು ಬೇರೆ. ಅಕ್ಕ ಚೆನ್ನಾಗಿದ್ದಾಳಲ್ಲ, ಪಥ್ಯ ಮುಗಿಯುವ ತನಕ ತಾನೇ ಎಂದು ಅವ್ವ ಮಾತ್ರೆ ನಿಲ್ಲಿಸಿಬಿಟ್ಟಳು. ನಾವೆಲ್ಲ ಮುದ್ದೆ, ಉಪ್ಸಾರು ಉಣ್ಣುವಾಗ ಅಕ್ಕ ಉಪ್ಪಿಲ್ಲದ ಅನ್ನ ನುಂಗುತ್ತಿದ್ದಳು.

ಪಥ್ಯ ಮುಗಿಯುವ ಮೊದಲೇ ಅವಳು ಮತ್ತೆ ಕಿವಿ ಮುಚ್ಚಿಕೊಂಡಳು. ಊಟ ಬಿಟ್ಟಳು. ನನ್ನನ್ನು ಕಂಡರೂ ಹೆದರುತ್ತಿದ್ದಳು. ಬ್ಯಾಗು ಹಿಡಿದು ಮೈಸೂರಿಗೆ ಹೊರಟಾಗ ಬಸ್‌ಸ್ಟಾಪಿನಲ್ಲಿ ಗೌರಜ್ಜಿ ಅಡ್ಡ ಬಂದರು.

"ಕಾಮಾಲೆ ಅಲ್ಲ ಕಣಜ್ಜಿ, ಮಗೀಗೆ ಮನಸ್ಸಿಗೆ ಉಸಾರಿಲ್ಲ. ಸುಳ್ಳು ಏಳ್ಬುಟ್ಟೆ" ಎಂದು ಅವ್ವ ಅತ್ತಳು.

ಅಜ್ಜಿ ಅಕ್ಕನ ಕೆನ್ನೆ ಸವರಿದರು. "ಅಯ್ಯೋ ನನ್ನವ್ವ, ಮೊದ್ಲೇ ಏಳಿದ್ರೆ ನಾನೇ ನಿಂತ್ಕಂಡು ಮಾತ್ರೆ ನುಂಗುಸ್ತಿರ್ಲಿಲ್ವಾ?"

ಅವ್ವನನ್ನು ಬೈಯಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಮಗಳಿಗೆ ಹುಚ್ಚಿಯೆಂಬ ಹೆಸರು ಬರಬಾರದೆಂದಷ್ಟೇ ಅವಳ ಆಸೆ. ಅಕ್ಕ ಈಗ ಗುಂಡ್ಲುಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ, ಆರೋಗ್ಯವಾಗಿದ್ದಾಳೆ. ಆದರೆ ಎರಡನೇ ಸಲ ಆಸ್ಪತ್ರೆಯಿಂದ ಬಂದ ಮೇಲೆ ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಯಾಕೆಂದು ಮೊನ್ನೆ ಕೇಳಿದೆ. ರವಿಕೆಯ ಗುಂಡಿತೂತಿಗೆ ಕಾಜಾ ಹಾಕುತ್ತಿದ್ದವಳು ಸೂಜಿ ನಿಲ್ಲಿಸಿದಳು.

"ಮೊದಲ್ನೇ ಸಲ ಬಂದಾಗ ವಾಸಿಯಾಯ್ತು ಅಂತ ನಂಬಿದ್ದೆ ಕಣಮ್ಮಿ. ಎರಡ್ನೇ ಸಲ ನಂಬಕ್ಕೇ ಭಯ ಆಗೋಯ್ತು."