ಸೀಟಿ ಟೀಚರ್ ಮತ್ತು ಹತ್ತನೆಯ ಸುತ್ತು

ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಮಾರುವವರು ಹನ್ನೊಂದು ಜನ. ಅದರಲ್ಲಿ ಕಂಪ್ಯೂಟರ್ ಎಂದರೇನು ಎಂದು ಗೊತ್ತಿರುವವರು ಇಬ್ಬರೋ ಮೂವರೋ. ನಾನು ಆ ಪೈಕಿಯಲ್ಲ; ನನಗೆ ಗೊತ್ತಿರುವುದು ಗಿರಾಕಿ. ಬಂದವನ ಚಪ್ಪಲಿ ನೋಡಿ ಅವನು ಎಷ್ಟಕ್ಕೆ ಬಗ್ಗುತ್ತಾನೆ ಎಂದು ಹೇಳಬಲ್ಲೆ. ಇಪ್ಪತ್ತೆರಡು ವರ್ಷ ಅಷ್ಟೇ ವಿದ್ಯೆಯಲ್ಲಿ ಅಂಗಡಿ ನಡೆಸಿದ್ದೇನೆ. ಹಾಗಾಗಿ ಪಕ್ಕದ ಅಂಗಡಿಗೆ ಸೀಟಿ ಟೀಚರ್ ಬಂದು ಕೂತಾಗ ಒಳಗೊಳಗೇ ನಕ್ಕಿದ್ದೆ.

ಆಕೆ ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ನಿವೃತ್ತಿಯಾದ ಮೇಲೆ, ಸೊಸೆ ನಡೆಸುತ್ತಿದ್ದ ಪುಟ್ಟ ಅಂಗಡಿಗೆ ಬಂದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚ್, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ. ಸೊಸೆ ಮೂಲೆಯಲ್ಲಿ ತಲೆ ಬಗ್ಗಿಸಿಕೊಂಡು ಯಂತ್ರ ಜೋಡಿಸುವಳು. ಅತ್ತೆ ಬಾಗಿಲಲ್ಲಿ ಕೂತು ಇಡೀ ಬೀದಿಗೆ ಶಿಸ್ತು ಕಲಿಸುವರು. ನಾನು ಐದು ನಿಮಿಷ ತಡವಾಗಿ ಷಟರ್ ಎತ್ತಿದರೆ ಒಂದು ಸೀಟಿ ಬೀಳುತ್ತಿತ್ತು.

"ಸಾಹುಕಾರ್ರೇ, ಒಂಬತ್ತು ಐದು!"

"ಟೀಚರೇ, ನಾನೇನು ನಿಮ್ಮ ಶಾಲೇಲಿ ಓದಿದವನಲ್ಲ."

"ನೋಡಿದ್ರೇ ಗೊತ್ತಾಗುತ್ತೆ ಬಿಡಿ."

ಈ ವ್ಯಾಪಾರ ತಿಳಿಯದವರಿಗೆ ಒಂದು ಮಾತು. ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳು. ಅಗಲ ಬಿಸ್ಕತ್ತಿನಷ್ಟು, ಬೆಲೆ ಬಂಗಾರದಂಗಡಿಯದು. ಅದನ್ನು ಮಾಡುವ ಕಂಪನಿಗಳು ನಮ್ಮ ಪಾಲಿಗೆ ಎರಡೇ. ಬೀದಿಯಲ್ಲಿ ನಾವು ಅವಕ್ಕೆ ಅಣ್ಣ, ತಮ್ಮ ಎಂದು ಹೆಸರಿಟ್ಟಿದ್ದೆವು. ಅಣ್ಣ ಹಳಬ, ಗತ್ತಿನವ, ದುಬಾರಿ. ತಮ್ಮ ಬಹಳ ಕಾಲ ಅಣ್ಣನ ಹಿಂದೆ ಏದುಸಿರು ಬಿಡುತ್ತ ಓಡಿದವ. ಈಚೆಗೆ ಸರಿಸಮನಾಗಿ ಓಡತೊಡಗಿದ್ದ, ಅದೂ ಮುಕ್ಕಾಲು ಬೆಲೆಗೆ. ನಾನು ಅಣ್ಣನ ಕಡೆಯವನು. ಪ್ರೀತಿಯೇನಲ್ಲ, ಉಳಿಯುವ ಲಾಭ ಹೆಚ್ಚು. ಪಕ್ಕದವರ ಬಂಡವಾಳ ಸಣ್ಣದು, ಅವರ ಕಪಾಟಿನ ತುಂಬ ತಮ್ಮನೇ.

ಟೀಚರಿಗೆ ಡಬ್ಬಿಯ ಮೇಲೆ ಅಚ್ಚು ಹಾಕಿದ ಅಂಕಿ ಕಂಡರೆ ಆಗದು. "ಇದು ಮಗು ಬಗ್ಗೆ ಅಪ್ಪ ಅಮ್ಮ ಹೇಳೋ ಮಾತು. ನಾನು ಓಡಿಸಿ ನೋಡ್ಬೇಕು" ಎನ್ನುವರು. ಬಂದ ಗಿರಾಕಿಯನ್ನು ವಾಪಸ್ ಕಳಿಸಿ, ಅವನು ದಿನಾ ಮಾಡುವ ಕೆಲಸವನ್ನೇ ಪೆನ್‌ಡ್ರೈವಿನಲ್ಲಿ ತರಿಸುವರು. ಆಮೇಲೆ ಅಣ್ಣನ ಯಂತ್ರ, ತಮ್ಮನ ಯಂತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ಸೀಟಿ ಊದುವರು. ಸೆಕೆಂಡು ಸೆಕೆಂಡೂ ರಿಜಿಸ್ಟರಿಗೆ ಏರುತ್ತಿತ್ತು.

ಒಮ್ಮೆ ಹಲ್ಲಿನ ಡಾಕ್ಟರೊಬ್ಬರು ಬಂದರು. ಅವರ ಕೆಲಸ ದವಡೆಯ ದೊಡ್ಡ ಚಿತ್ರವೊಂದನ್ನು ತೆರೆಯುವುದು, ನೋಡುವುದು, ಮುಚ್ಚುವುದು. ಮುಂದಿನ ಚಿತ್ರ ತೆರೆಯುವುದು ಅರ್ಧ ಗಂಟೆ ಬಿಟ್ಟೇ. ಟೀಚರ್ ವಾಚ್ ಒತ್ತಿ ನೋಡಿ ಹೇಳಿದರು:

"ನಿಮ್ದು ನೂರು ಮೀಟರ್ ಓಟ ಡಾಕ್ಟ್ರೇ. ಬಾಯಿ ತೆಗೆದು ಕೂತವ್ರನ್ನ ಕಾಯಿಸಬಾರದು. ನಿಮಗೆ ಅಣ್ಣನೇ ಸರಿ. ನಮ್ಮ ಹತ್ರ ಅಣ್ಣ ಇರೋದು ಪರೀಕ್ಷೆಗೆ ಒಂದೇ. ಪಕ್ಕದಂಗಡಿಗೆ ಹೋಗಿ."

ಕೈಗೆ ಬಂದ ಗಿರಾಕಿಯನ್ನು ನನ್ನ ಕೈಗಿಟ್ಟರು! ನಾನು ಡಾಕ್ಟರಿಗೆ ಮೂರು ಯಂತ್ರ ಮಾರಿದೆ. ಅವತ್ತೇ ಸಂಜೆ, ನಮ್ಮಿಬ್ಬರಿಗೂ ಮಳಿಗೆ ಬಾಡಿಗೆ ಕೊಟ್ಟಿದ್ದ ಮಾಲೀಕರ ಮನೆಗೆ ಹೋಗಿ ಕೂತೆ. ಈ ಅತ್ತೆ ಸೊಸೆಯ ಅಂಗಡಿ ಬಹಳ ದಿನ ಬಾಳದು. ತಿಂಗಳ ಕೊನೆಗೆ ಅವರ ಕರಾರು ಮುಗಿಯುತ್ತದೆ. ಅವರು ಮುಂದುವರಿಸದಿದ್ದರೆ ಮಳಿಗೆ ನನಗೆ ಎಂದು ಮಾತಾಯಿತು. ನಡುವಿನ ಗೋಡೆ ಒಡೆದು ದೊಡ್ಡ ಷೋರೂಮ್ ಮಾಡುವುದು ನನ್ನ ಲೆಕ್ಕ.

ನಾನು ಬೆನ್ನ ಹಿಂದೆ ಆಡುವವನಲ್ಲ. ಮರುದಿನ ಸೊಸೆಗೆ ನೇರವಾಗಿಯೇ ಹೇಳಿದೆ. ಆಕೆ ಸ್ಕ್ರೂಡ್ರೈವರನ್ನು ಸೆರಗಿಗೆ ಒರೆಸುತ್ತ ಪಿಸುಗುಟ್ಟಿದಳು: "ಅಂಕಲ್, ಕಾರ್ಟೂನ್ ಸ್ಟುಡಿಯೋದವ್ರು ಇಪ್ಪತ್ನಾಲ್ಕು ಯಂತ್ರ ಕೇಳಿದ್ದಾರೆ. ಅದು ಸಿಕ್ರೆ ನಾವು ಉಳಿತೀವಿ. ಸಿಗ್ಲಿಲ್ಲಾಂದ್ರೆ ಗೋಡೆ ನಿಮ್ದೇ. ಅತ್ತೆಗೆ ಮಾತ್ರ ಹೇಳ್ಬೇಡಿ."

"ಅತ್ತೆಗೆ ಕಿವಿ ಇದೆ ಕಣೇ" ಎಂದಿತು ಬಾಗಿಲು.

ಆ ಆರ್ಡರಿಗೆ ನಾನೂ ಕೈ ಹಾಕಿದ್ದೆ. ಅವರ ಬಲವೆಲ್ಲ ತಮ್ಮನ ಕಡಿಮೆ ಬೆಲೆ. ಆದರೆ ಆ ವಾರವೇ ಅಣ್ಣ ದಿಢೀರನೆ ಬೆಲೆ ಇಳಿಸಿ ತಮ್ಮನ ಸಮಕ್ಕೆ ಬಂದು ನಿಂತ. ಹಳೆಯ ಬೆಲೆಗೆ ಅಣ್ಣನ ಅರವತ್ತು ಪ್ರೊಸೆಸರ್ ತರಿಸಿಟ್ಟಿದ್ದ ನಾನು ಹಣೆ ಚಚ್ಚಿಕೊಂಡೆ. ಆದರೂ ಅವರ ಬಲ ಹೋಯಿತಲ್ಲ ಎಂಬ ಸಮಾಧಾನ.

"ಕೇಳಿದ್ರಾ ಟೀಚರೇ? ಅಣ್ಣ ಬೆಲೆ ಇಳಿಸಿಬಿಟ್ಟ."

"ಮುಂದೆ ಓಡ್ತಿರೋರು ಯಾವಾಗ ಹಿಂದೆ ತಿರುಗಿ ನೋಡ್ತಾರೆ ಹೇಳಿ? ಹೆಜ್ಜೆ ಸದ್ದು ಹತ್ತಿರ ಬಂದಾಗ" ಎಂದರು ಅವರು. ಮಾತು ಗಟ್ಟಿಯಾಗಿತ್ತು, ಬೆರಳು ಮಾತ್ರ ಸ್ಟಾಪ್‌ವಾಚಿನ ಗುಂಡಿಯನ್ನು ಸುಮ್ಮನೆ ಒತ್ತುತ್ತಿತ್ತು.

ಸ್ಟುಡಿಯೋದ ಒಡತಿ ನನ್ನ ಅಂಗಡಿಗೆ ಬಂದರು. ಏಸಿ ತಣ್ಣಗೆ ಬೀಸುತ್ತಿತ್ತು. ಸೊಸೆ ತಮ್ಮನ ಯಂತ್ರ ತಂದಿಟ್ಟಳು, ಹಿಂದೆಯೇ ಟೀಚರೂ ಬಂದರು. ಒಡತಿ ತಂದಿದ್ದ ಒಂದು ದೃಶ್ಯವನ್ನು ಎರಡರಲ್ಲೂ ಓಡಿಸಿದೆವು: ಛತ್ರಿ ಹಿಡಿದ ಕಪ್ಪೆಯೊಂದು ನೀರಿಗೆ ಹಾರುತ್ತದೆ, ಚಿಮ್ಮುವ ಒಂದೊಂದು ಹನಿಯನ್ನೂ ಯಂತ್ರ ಲೆಕ್ಕ ಹಾಕಿ ಬಿಡಿಸಬೇಕು. ಅಣ್ಣ ಇಪ್ಪತ್ತು ಸೆಕೆಂಡು ಮೊದಲೇ ಮುಗಿಸಿದ. ಒಡತಿ ಪೆನ್ನು ತೆಗೆದರು. ಸೊಸೆ ವೈರು ಸುತ್ತತೊಡಗಿದಳು. ನಾನು ಮನಸ್ಸಿನಲ್ಲೇ ಗೋಡೆಗೆ ಸುತ್ತಿಗೆ ಎತ್ತಿದೆ.

"ಅಮ್ಮಾ, ಈ ಯಂತ್ರಗಳು ಎಲ್ಲಿ ಕೂರ್ತವೆ?" ಎಂದರು ಟೀಚರ್.

"ನಮ್ಮ ಸ್ಟುಡಿಯೋದಲ್ಲಿ. ಮೂರನೇ ಮಹಡಿ, ಮೇಲೆ ತಗಡು."

"ಏಸಿ?"

"ಮುಂದಿನ ವರ್ಷ ಅಂತಿದ್ದೀವಿ. ಮೂರು ವರ್ಷದಿಂದ."

"ದಿನಕ್ಕೆ ಎಷ್ಟು ದೃಶ್ಯ?"

"ಬೆಳಿಗ್ಗೆ ಶುರುವಾದ್ರೆ ಸಂಜೆವರೆಗೂ ನಿಲ್ಲೋದೇ ಇಲ್ಲ ಟೀಚರ್."

"ಮತ್ತೆ ನೆರಳಲ್ಲಿ ಒಂದು ಸುತ್ತು ಓಡಿಸಿ ಯಾಕೆ ಆರಿಸ್ತಿದ್ದೀರಿ? ನಾಳೆ ಮಧ್ಯಾಹ್ನ ಎರಡಕ್ಕೆ, ನಿಮ್ಮಲ್ಲೇ. ಹತ್ತು ಸುತ್ತು."

ಮರುದಿನ ಎರಡು ಯಂತ್ರ ಹೊತ್ತು ಮೂರು ಮಹಡಿ ಹತ್ತಿದೆವು. ಸ್ಟುಡಿಯೋ ಕಾದ ಬಾಣಲೆಯಾಗಿತ್ತು. ಧೂಳು ಬರಬಾರದೆಂದು ಕಿಟಕಿಗಳೆಲ್ಲ ಮುಚ್ಚಿದ್ದವು. ಗೋಡೆಗೆ ಅಂಟಿಸಿದ್ದ ಕಪ್ಪೆ ಚಿತ್ರಗಳು ಬೆವರಿ ಸುರುಟಿಕೊಂಡಿದ್ದವು. ಸೀಟಿ ಬಿತ್ತು.

ಮೊದಲ ಸುತ್ತು ಅಣ್ಣನದು. ಎರಡನೆಯದೂ, ಮೂರನೆಯದೂ. ನಾನು ಖುಷಿಯಲ್ಲಿ ಎಲ್ಲರಿಗೂ ಕಾಫಿ ತರಿಸಿದೆ, ಅದೂ ನನ್ನ ಖರ್ಚಿನಲ್ಲಿ. ನಾಲ್ಕನೆಯದರಲ್ಲಿ ಅಂತರ ಐದೇ ಸೆಕೆಂಡು. ಐದನೆಯದು ಸಮ. ಅಷ್ಟೊತ್ತಿಗೆ ಅಣ್ಣನ ಫ್ಯಾನು ಕುಕ್ಕರಿನಂತೆ ಕೂಗತೊಡಗಿತ್ತು. ಮೈ ಕಾದರೆ ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತದೆ. ಅಣ್ಣನದು ಹೆಚ್ಚು ಕರೆಂಟು ಕುಡಿಯುವ ಮೈ. ತಮ್ಮನಾದರೋ ಮೊದಲ ಸುತ್ತಿನಲ್ಲಿ ಹೇಗಿದ್ದನೋ ಹಾಗೇ ಮುಖ ತಗ್ಗಿಸಿ ಓಡುತ್ತಿದ್ದ. ಹತ್ತನೆಯದು ಮುಗಿದಾಗ ಅವನು ಒಟ್ಟು ಎರಡು ನಿಮಿಷ ಮುಂದಿದ್ದ.

ನಾನು ಬಿಡುವವನೇ? "ದೊಡ್ಡ ಫ್ಯಾನ್ ಹಾಕಿದ್ರೆ ಸರಿಹೋಗುತ್ತೆ ಮೇಡಂ."

"ಹೌದಮ್ಮಾ, ಸಾಹುಕಾರ್ರು ಸುಳ್ಳು ಹೇಳ್ತಿಲ್ಲ" ಎಂದರು ಟೀಚರ್. ನನಗೇ ಆಶ್ಚರ್ಯ. "ಇಪ್ಪತ್ನಾಲ್ಕು ಫ್ಯಾನಿನ ರೇಟು ಸೇರಿಸಿ, ಅವುಗಳ ಸದ್ದೂ ಸೇರಿಸಿ, ಆಮೇಲೆ ನೀವೇ ನೋಡಿ."

ಒಡತಿ ಅರೆಗಳಿಗೆ ಆ ಕೂಗನ್ನು ಆಲಿಸಿ ನಕ್ಕುಬಿಟ್ಟರು. "ಕಪ್ಪೆ ಧ್ವನಿ ನಾವು ಇದೇ ಕೋಣೇಲಿ ರೆಕಾರ್ಡ್ ಮಾಡೋದು! ಬೇಡಪ್ಪಾ. ಟೀಚರ್, ನಿಮ್ಮ ಯಂತ್ರಾನೇ ಕೊಡಿ. ನಮ್ಮಣ್ಣ ಹೇಳಿದ್ದ, ನನ್ನನ್ನ ಪಕ್ಕದಂಗಡಿಗೆ ಕಳಿಸಿದವ್ರ ಹತ್ರವೇ ಹೋಗು ಅಂತ."

ಆಮೇಲೆ ತಿಳಿಯಿತು, ಅವರ ಅಣ್ಣ ಎಂದರೆ ಆ ಹಲ್ಲಿನ ಡಾಕ್ಟರು. ಇದು ಮೊದಲೇ ಗೊತ್ತಿದ್ದರೆ ಆ ಕಾಫಿಯ ಖರ್ಚಾದರೂ ಉಳಿಯುತ್ತಿತ್ತು.

ಇಳಿಯುವಾಗ ಸೊಸೆ ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಕುಸಿದು ಕೂತು ಅಳತೊಡಗಿದಳು. ಟೀಚರ್ ಪಕ್ಕದಲ್ಲಿ ಕೂತು ಬೆನ್ನು ತಟ್ಟಿದರು. "ಗೆದ್ದ ಮೇಲೆ ಅಳಬಹುದು. ಎರಡು ನಿಮಿಷ" ಎಂದು ವಾಚ್ ಒತ್ತಿದರು. ಅವಳು ಅಳುತ್ತಲೇ ನಕ್ಕಳು. ಯಂತ್ರ ಹೊತ್ತಿದ್ದ ನಾನೂ ನಿಂತೆ, ಎರಡು ನಿಮಿಷ ಪೂರ್ತಿ.

ಅವರ ಕರಾರು ಮುಂದುವರಿಯಿತು. ನಾನು ಮೂರು ದಿನ ಮುಖ ಊದಿಸಿಕೊಂಡು ಕೂತೆ. ನಾಲ್ಕನೆಯ ದಿನ ಒಬ್ಬ ಗಿರಾಕಿ ಬಂದು "ಯಾವುದು ಒಳ್ಳೇದು ಸಾರ್?" ಎಂದ. ಅಭ್ಯಾಸಬಲದಿಂದ ಅವನ ಚಪ್ಪಲಿ ನೋಡಿದೆ. ಚಪ್ಪಲಿಯಲ್ಲಿ ಉತ್ತರ ಕಾಣಲಿಲ್ಲ. ಕಪಾಟಿನಲ್ಲಿ ಅರವತ್ತು ಅಣ್ಣಂದಿರು ನನ್ನನ್ನೇ ನೋಡುತ್ತಿದ್ದರು.

ಕೊನೆಗೂ ಗೋಡೆ ಒಡೆಸಿದೆ. ಪೂರ್ತಿಯಲ್ಲ, ಒಂದು ಬಾಗಿಲಿನಷ್ಟು. ನನ್ನ ಗಿರಾಕಿಗಳು ಆ ಬಾಗಿಲಿನಿಂದ ಟೀಚರ ಹತ್ತಿರ ಹೋಗಿ ಓಡಿಸಿ ನೋಡುತ್ತಾರೆ. 'ನೂರು ಮೀಟರ್' ಎಂದು ಚೀಟಿ ಬರೆಸಿಕೊಂಡವರು ನನ್ನ ಕಡೆಗೆ ವಾಪಸ್ಸು. 'ದೂರದ ಓಟ' ಎಂದವರು ಅಲ್ಲೇ. ಆ ಅರವತ್ತು ಪ್ರೊಸೆಸರೂ ನಾಲ್ಕೇ ತಿಂಗಳಲ್ಲಿ ಖಾಲಿಯಾದವು. ಮಾರಿದ್ದು ಒಂದೂ ವಾಪಸ್ ಬರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು.

ಮುಂದಿನ ತಿಂಗಳು ಅಣ್ಣ, ತಮ್ಮ ಇಬ್ಬರೂ ಹೊಸ ಪ್ರೊಸೆಸರ್ ಬಿಡುತ್ತಾರಂತೆ. ಇಬ್ಬರ ಡಬ್ಬಿಯ ಮೇಲೂ ತಾನೇ ಮುಂದು ಎಂದಿದೆಯಂತೆ. ಟೀಚರ್ ಸ್ಟಾಪ್‌ವಾಚಿಗೆ ಹೊಸ ಸೆಲ್ ಹಾಕಿಸಿ ಕಾಯುತ್ತಿದ್ದಾರೆ. ಇವತ್ತು ಬೆಳಿಗ್ಗೆ ಅವರ ಬಾಯಿ ಮುಚ್ಚಿಸಬೇಕೆಂದೇ ಎಂಟು ಐವತ್ತೈದಕ್ಕೆ ಬಂದು ಷಟರ್ ಎತ್ತಿದೆ. ಆದರೂ ಸೀಟಿ ಬಿತ್ತು.

"ಐದು ನಿಮಿಷ ಮುಂಚೆ ಸಾಹುಕಾರ್ರೇ! ಫಾಲ್ಸ್ ಸ್ಟಾರ್ಟ್!"