ನಗಿಸಿ ನೋಡುವ ಅಶ್ವತ್ಥಮ್ಮ

ಮಧುಗಿರಿ ಕಡೆಯ ಈ ಹಳ್ಳಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಎಂಬತ್ತನಾಲ್ಕನೇ ಇಸವಿ ಬಂದು, ಊರಿಗೆ ಹಿಟ್ಟಿನ ಮಿಲ್ಲು ಬಂದರೂ ಅಶ್ವತ್ಥಮ್ಮನ ಮನೆಯ ರಾಗಿಕಲ್ಲು ನಿಂತಿಲ್ಲ. ಇಬ್ಬರು ಬೀಸುತ್ತಿದ್ದಾರೆ, ಸುತ್ತ ಕೂತ ಹೆಂಗಸರು ಹಾಡುತ್ತಿದ್ದಾರೆ. ಅಶ್ವತ್ಥಮ್ಮನ ಬಗ್ಗೆ ಬರೆಯಲು ಬಂದ ನಾನೂ ಅವರ ನಡುವೆ ಕೂತಿದ್ದೇನೆ. ಹೊರಗೆ ಬೇವಿನಕಡ್ಡಿ ಅಗಿಯುತ್ತ ನಿಂತ ಗಂಡಸರಿಗೆ ಇದು ಬೀಸುವ ಪದ, ಅಷ್ಟೆ. ಒಳಗೆ ನಡೆಯುತ್ತಿರುವುದೇ ಬೇರೆ. ಹಾಡಿನ ಒಂದು ಸಾಲು ಮುಗಿಯುವ ತನಕ ಉಚ್ಚೆ ತಡೆದವರಂತೆ ಕೆಳಮೈ ಬಿಗಿಹಿಡಿಯಬೇಕು, ಮುಂದಿನ ಸಾಲಿಗೆ ಸಡಿಲ ಬಿಡಬೇಕು.

"ಉಸ್ರು ಕಟ್ಬ್ಯಾಡ್ರೇ! ಹಾಡ್ತಿದ್ರೆ ಉಸ್ರು ಕಟ್ಟಕಾಗಲ್ಲ, ಅದ್ಕೇ ಹಾಡು ಇಟ್ಟಿರೋದು" ಎನ್ನುತ್ತಾರೆ ಅಶ್ವತ್ಥಮ್ಮ.

ಇವರು ಹೆರಿಗೆ ಆಸ್ಪತ್ರೆಯ ಆಯಾ. ಹೆತ್ತ ಮೇಲೆ ಕೆಮ್ಮಿದರೆ, ಬಿಂದಿಗೆ ಎತ್ತಿದರೆ ಸೀರೆ ಒದ್ದೆಯಾಗುವ ಕಷ್ಟವನ್ನು ನಮ್ಮ ಹೆಣ್ಣುಮಕ್ಕಳು ಹೆತ್ತ ತಾಯಿಗೂ ಹೇಳುವುದಿಲ್ಲ. ತಮಗೇ ಹಾಗಾದಾಗ ಇವರೂ ಹೇಳಿರಲಿಲ್ಲ. ಆಸ್ಪತ್ರೆಯ ನರ್ಸ್ ರಾಜಲಕ್ಷ್ಮಮ್ಮ ತಾವೇ ಗಮನಿಸಿ ಈ ವ್ಯಾಯಾಮ ಕಲಿಸಿದರು. ಅದಕ್ಕೆ ಹಾಡು ಸೇರಿಸಿದ್ದು ಅಶ್ವತ್ಥಮ್ಮನ ತಲೆ. ರಜೆ ಸಿಕ್ಕಾಗಲೆಲ್ಲ ಶಿರಾ, ಕೊರಟಗೆರೆ ಹಳ್ಳಿಗಳಿಗೂ ಹೋಗಿ ಕಲಿಸುತ್ತಾರೆ.

"ಗರ್ಭ ಜಾರಿದ್ರೆ ನನ್ ಕೈಲಾಗಲ್ಲ ಕಣಮ್ಮ, ಡಾಕ್ಟ್ರ ತಾವ ಕರ್ಕೊಂಡೋಗ್ತೀನಿ. ಮಿಕ್ಕಿದ್ದಕ್ಕೆ ಹಾಡು."

ನನ್ನಜ್ಜಿ ಯಾವ ಮದುವೆಗೂ ಹೋಗದೆ ಮೂಲೆ ಹಿಡಿದದ್ದು ಯಾಕೆಂದು ನನಗೆ ಇವತ್ತು ಹೊಳೆಯುತ್ತಿದೆ.

ಇಲ್ಲೂ ಒಬ್ಬಳು ಗೋಡೆಗೆ ಅಂಟಿ ಕೂತಿದ್ದಾಳೆ, ಭೀಮಕ್ಕ. ಪಾವಗಡದ ತವರಿನಲ್ಲಿ ನಾಳೆ ತಂಗಿಯ ಧಾರೆ. ಹೋದ ವರ್ಷ ನಾದಿನಿಯ ಮದುವೆಯಲ್ಲಿ ನಕ್ಕು ಸೀರೆ ಒದ್ದೆಯಾಗಿ ಎದ್ದು ಓಡಿದವಳು ಆಮೇಲೆ ನಗುವುದನ್ನೇ ಬಿಟ್ಟಿದ್ದಾಳೆ. ತಿಂಗಳುಗಟ್ಟಲೆ ಹಾಡಿದ್ದಾಳೆ, ಧೈರ್ಯ ಮಾತ್ರ ಬಂದಿಲ್ಲ.

"ತುಂಬಿದ್ ಚಪ್ಪರದಾಗೆ ಹಂಗಾದ್ರೆ ಏನಕ್ಕಾ ಮಾಡ್ಲಿ? ನಾ ಹೋಗಾಕಿಲ್ಲ."

ಎದ್ದಾಗಿನಿಂದ ಅವಳಿಗೆ ಬೇಕೆಂದೇ ಚೊಂಬುಗಟ್ಟಲೆ ನೀರು ಕುಡಿಸಿರುವ ಅಶ್ವತ್ಥಮ್ಮ ಈಗ ಎದ್ದು ನಿಲ್ಲುತ್ತಾರೆ. ಭೀಮಕ್ಕನ ಗಂಡ ಓಬಯ್ಯ ತನ್ನ ಮದುವೆಗೆ ಬೆಲ್‌ಬಾಟಂ ಪ್ಯಾಂಟು ತೊಟ್ಟು, ಹಸೆಮಣೆಯ ಮೇಲೆ ಚಕ್ಕಳಮಕ್ಕಳ ಹಾಕಲಾಗದೆ ಪಟ್ಟ ಪಾಡನ್ನು ಥೇಟ್ ಹಾಗೇ ಮಾಡಿ ತೋರಿಸುತ್ತಾರೆ. ಭೀಮಕ್ಕ ತುಟಿ ಕಚ್ಚುತ್ತಾಳೆ, ಸೆರಗು ಬಾಯಿಗಿಡುತ್ತಾಳೆ, ತಡೆಯಲಾರದೆ ಬಿದ್ದೂ ಬಿದ್ದೂ ನಗುತ್ತಾಳೆ. ಥಟ್ಟನೆ ನಿಲ್ಲಿಸಿ ಸೀರೆ ಮುಟ್ಟಿಕೊಳ್ಳುತ್ತಾಳೆ. ರಾಗಿಕಲ್ಲು ನಿಲ್ಲುತ್ತದೆ.

"ಒಣಗೇ ಐತೆ ಕಣಕ್ಕಾ!"

ಹೊರಗಿಂದ ಓಬಯ್ಯನ ದನಿ: "ಲೇ, ಅದೇನ್ ಅಂಥಾ ನಗು ಒಳ್ಗೆ?"

"ನಿನ್ ಪ್ಯಾಂಟಿಗೇ ಕಣಪ್ಪಾ!" ಅಶ್ವತ್ಥಮ್ಮ ಕೂಗುತ್ತಾರೆ. ಭೀಮಕ್ಕ ಮತ್ತೆ ನಗುತ್ತಾಳೆ, ಈ ಸಲ ಕೈ ಸೀರೆಗೆ ಹೋಗುವುದಿಲ್ಲ. ನಾಳೆ ಪಾವಗಡಕ್ಕೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಾಳೆ.

ನಾನು ಬೆರಗಾಗಿ ನೋಡುತ್ತಲೇ ಇದ್ದೇನೆ. ಆಸ್ಪತ್ರೆಗೆ ಹೊರಟ ಅಶ್ವತ್ಥಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

"ಚಪ್ಪರದಾಗೆ ಅವ್ಳು ನಗೋದ ಒಂದ್ಕಿತ ಕೇಳ್ಬೇಕಿತ್ತು ಕಣಮ್ಮ. ಏನ್ ಮಾಡ್ಲಿ, ನಾಳೆ ನಂಗೆ ಡ್ಯೂಟಿ ಐತೆ."